ಹೋತದ ಹಗ್ಗ ತರಲು ಹೋದದ್ದು

ದೂರ ಹೋದವರನ್ನು ನೆನೆದು ಕೊರಗುವುದು ಮನುಷ್ಯನ ಸಹಜ ಗುಣ. ಹೆಂಡತಿ ತವರಿಗೆ ಹೋದರೆ, ಗೆಳೆಯ ಗಲ್ಫಿಗೆ ಹೋದರೆ ಕೊರಗುವುದರಲ್ಲಿ ಒಂದು ಮರ್ಯಾದೆಯೂ ಇದೆ. ನಾನು ಕೊರಗುತ್ತಿರುವುದು ಒಂದು ಹೋತಕ್ಕಾಗಿ. ಗುರುವಾಯನಕೆರೆಯಲ್ಲಿ ಅಂಗಿ, ಪ್ಯಾಂಟು ಹೊಲಿದು ಬದುಕುವ ನನಗೆ ಹಿತ್ತಿಲ ಹಟ್ಟಿಯಲ್ಲಿ ಊರಿನ ತಳಿಯ ಆಡು ಸಾಕುವ ಚಟ. ಗಿಡ್ಡ ಕಾಲು, ಕಪ್ಪು ಮೈ. ಹೊರಗಿನಿಂದ ತಂದ ದೊಡ್ಡ ಜಾತಿಯವು ಆಟಿ ತಿಂಗಳ ಜಡಿಮಳೆಗೆ ಕೆಮ್ಮುತ್ತ ಮಲಗಿದರೆ ಇವು ಹಲಸಿನ ಸೊಪ್ಪು ಜಗಿಯುತ್ತ ಮಳೆ ನೋಡುತ್ತವೆ. ಸಾಕುವುದು ಮಾಂಸಕ್ಕೇ, ಸುಳ್ಳೇಕೆ ಹೇಳಲಿ. ಆದರೆ ಬೀಜದ ಹೋತಕ್ಕೆ ಆ ಭಯವಿಲ್ಲ. ಅದರ ಕಷ್ಟ ಬೇರೆ: ತನ್ನದೇ ಹೆಣ್ಣುಮಕ್ಕಳು ಬೆದೆಗೆ ಬರುವ ಹೊತ್ತಿಗೆ ಅದು ಊರು ಬಿಡಬೇಕು, ಇಲ್ಲದಿದ್ದರೆ ತಳಿ ಕೆಡುತ್ತದೆ. ಹಾಗೆ ನನ್ನ ದೊರೆಯನ್ನು (ಹೆಸರಿಟ್ಟದ್ದು ನಾನೇ) ಇದೇ ಜಾತಿಯ ಆಡು ಸಾಕುವ ಬೆಳುವಾಯಿಯ ಸಂಜೀವಣ್ಣನಿಗೆ ಮಾರಿದೆ. ಅಂದಿನಿಂದ ಹಟ್ಟಿಗೆ ಹೋದಾಗಲೆಲ್ಲ ಎದೆ ಖಾಲಿ ಖಾಲಿ.

ನೋಡಿ ಬರೋಣವೆಂದರೆ ಕಾರಣ ಬೇಡವೇ? ಅದನ್ನು ಹೆಂಡತಿ ಸುಶೀಲೆಯೇ ಒದಗಿಸಿದಳು. ಹಟ್ಟಿಯ ಗೂಟ ನೋಡಿ, "ಹಗ್ಗ ಎಲ್ಲಿ?" ಎಂದಳು. ದೊರೆಯ ಕೊರಳಲ್ಲೇ ಹೋಯಿತು ಎಂದೆ.

"ಅಯ್ಯೋ ದೇವರೇ! ಪ್ರಾಣಿ ಮಾರಿದ್ರೆ ಹಗ್ಗ ಬಿಚ್ಚಿ ಇಟ್ಕೊಳ್ಬೇಕು ಅಂತ ಗೊತ್ತಿಲ್ವಾ ನಿಮಗೆ? ಹಟ್ಟಿಯ ಭಾಗ್ಯವೇ ಅದರೊಟ್ಟಿಗೆ ಹೋಗ್ತದೆ. ನಾಳೆಯೇ ಹೋಗಿ ತನ್ನಿ."

ಮುಖ ಸಪ್ಪೆ ಮಾಡಿಕೊಂಡು ತಲೆಯಾಡಿಸಿದೆ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ.

ಮರುದಿನ ಮೂಡುಬಿದಿರೆಯ ಬಸ್ಸು ಹತ್ತಿದೆ, ಕಂಕುಳಲ್ಲಿ ಒಂದು ಕಟ್ಟು ಹಲಸಿನ ಸೊಪ್ಪು. ಬೆಳುವಾಯಿಯಲ್ಲಿ ಹಲಸಿನ ಮರವೇ ಇಲ್ಲವೆಂಬಂತೆ! "ಸೊಪ್ಪಿಗೆ ಫುಲ್ಲಾ, ಹಾಫಾ ಮಾರಾಯ್ರೆ?" ಎಂದು ಕಂಡಕ್ಟರ್ ಬೇರೆ ಕಾಲೆಳೆದ. ಮೂಡುಬಿದಿರೆಯಲ್ಲಿ ಬಸ್ಸು ಬದಲಿಸಿ ಸಂಜೀವಣ್ಣನ ಅಂಗಳ ತಲುಪಿದವನೇ, "ಮೇವು ತಿನ್ತದಾ?" ಎಂದು ಕೇಳಿದೆ. ಇಲ್ಲ ಎಂಬ ಉತ್ತರಕ್ಕೆ ಜೀವ ಹಾತೊರೆಯುತ್ತಿತ್ತು.

"ಮೊದಲ ದಿನ ಮುಟ್ಲಿಲ್ಲ," ಎಂದರು. ಪಾಪಿ ನಾನು, ಖುಷಿಪಟ್ಟೆ. "ಮರುದಿನದಿಂದ ಏನೂ ತೊಂದರೆ ಇಲ್ಲ. ನಮ್ಮವಳು ಒಣಗ್ಲಿಕ್ಕೆ ಹಾಕಿದ ಲಂಗವನ್ನೂ ಬಿಡ್ಲಿಲ್ಲ."

ಐದು ಹೆಣ್ಣಾಡುಗಳ ನಡುವೆ ದೊರೆ ಗಡ್ಡ ಎತ್ತಿ ನಿಂತಿದ್ದ. ಕರೆದೆ. ಬಂದ! ಸೊಪ್ಪಿನತ್ತ ನೋಡದೆ ನೇರ ಬಂದು ನೆತ್ತಿಯನ್ನು ನನ್ನ ಅಂಗಿಗೆ ಒತ್ತಿ ಒತ್ತಿ ಉಜ್ಜಿದ. ನನ್ನ ಕಣ್ಣು ತುಂಬಿತು. "ನೋಡಿದಿರಾ, ಮರೆತಿಲ್ಲ," ಎಂದೆ.

"ಹೆಣ್ಣುಗಳು ಬೆದೆಗೆ ಬಂದಿವೆ ಅಲ್ವಾ, ಸಿಕ್ಕಿದ್ದಕ್ಕೆಲ್ಲ ಉಜ್ಜುತ್ತದೆ. ನಿನ್ನೆ ಕರೆಂಟಿನ ಕಂಬಕ್ಕೂ ಉಜ್ಜಿತು," ಎಂದು ಸಂಜೀವಣ್ಣ, ನಾನು ಕೇಳಿದಂತೆ ಅದರ ಕೊರಳ ಹಗ್ಗ ಬಿಚ್ಚಿ ನನ್ನ ಕೈಗಿತ್ತರು.

ಹಗ್ಗ ಈಗ ಗೂಟದಲ್ಲಿದೆ, ಸುಶೀಲೆಗೆ ಸಮಾಧಾನ. ಆದರೆ ಅಂಗಿಗೆ ಹತ್ತಿದ ಹೋತದ ನಾತಕ್ಕೆ ಮನೆಯವರೆಲ್ಲ ಮೂಗು ಮುಚ್ಚಿಕೊಂಡಿದ್ದಾರೆ. "ಒಗೆಯಲಿಕ್ಕೆ ಹಾಕಿ" ಎಂದು ಅವಳು ದಿನವೂ ಹೇಳುತ್ತಾಳೆ. ಹೊಲಿಗೆ ಬಿಟ್ಟಿದೆ, ಮೊದಲು ರಿಪೇರಿ ಮಾಡುತ್ತೇನೆ ಎನ್ನುತ್ತೇನೆ. ಅಂಗಿ ಹೊಲಿಗೆ ಮೆಷಿನ್ನಿನ ಪಕ್ಕದಲ್ಲೇ ನೇತಾಡುತ್ತಿದೆ. ನನ್ನ ಇಷ್ಟು ವರ್ಷದ ಕಸುಬಿನಲ್ಲಿ ಒಂದು ಅಂಗಿಯನ್ನು ಇಷ್ಟು ನಿಧಾನವಾಗಿ ರಿಪೇರಿ ಮಾಡುತ್ತಿರುವುದು ಇದೇ ಮೊದಲು.