ಬೈಕಿನ ಫೋಟೋದಲ್ಲಿ ಭಾವನ ನೆರಳು

ಫೋಟೋ ಹುಚ್ಚಿನವರನ್ನು ನಾನು ಬಹಳ ಮಟ್ಟಿಗೆ ಕ್ಷಮಿಸಬಲ್ಲೆ. ತಟ್ಟೆಗೆ ಬಿದ್ದ ದೋಸೆ ತಣ್ಣಗಾಗುವವರೆಗೂ ಅದರ ಫೋಟೋ ತೆಗೆಯುವವರನ್ನು ಕ್ಷಮಿಸಿದ್ದೇನೆ. ಮಲಗಿದ ನಾಯಿಯನ್ನು ಎಬ್ಬಿಸಿ, ಮತ್ತೆ ಮಲಗೆಂದು ಪುಸಲಾಯಿಸಿ ಫೋಟೋ ತೆಗೆಯುವ ಪಕ್ಕದ ಫ್ಲ್ಯಾಟಿನವರನ್ನೂ ಕ್ಷಮಿಸಿದ್ದೇನೆ. ಆದರೆ ಬೈಕನ್ನು ಊರಾಚೆ ಓಡಿಸಿಕೊಂಡು ಹೋಗಿ, ಕಂಡ ಕಂಡ ತಿರುವಿನಲ್ಲಿ ನಿಲ್ಲಿಸಿ, ನರಮನುಷ್ಯರ ಸುಳಿವೇ ಇಲ್ಲದಂತೆ ಬೈಕಿನದೊಂದೇ ಫೋಟೋ ತೆಗೆಯುವ ಪಂಗಡವಿದೆಯಲ್ಲ, ಅವರನ್ನು ಕ್ಷಮಿಸುವಷ್ಟು ದೊಡ್ಡ ಮನಸ್ಸನ್ನು ದೇವರು ನನಗೆ ಕೊಟ್ಟಿಲ್ಲ. ನನ್ನ ಗ್ರಹಚಾರಕ್ಕೆ ಆ ಪಂಗಡದ ಒಬ್ಬ ನನ್ನ ಹೆಂಡತಿಯ ತಮ್ಮ.

ಪ್ರಶಾಂತ ಕೆಲಸ ಮಾಡುವುದು ಗುರುಗ್ರಾಮದ ಒಂದು ವಿಮಾ ಕಂಪನಿಯಲ್ಲಿ, ಊಟ ಮಾಡುವುದು ಮಯೂರ್ ವಿಹಾರದ ನಮ್ಮ ಮನೆಯಲ್ಲಿ. ತಾನು ಕುಡಿದ ಚಹಾ ಲೋಟವನ್ನು ಸಿಂಕಿನವರೆಗೆ ಒಯ್ದ ದಾಖಲೆಯಿಲ್ಲ. ಅಂಥವನು ಬೈಕಿನ ಟ್ಯಾಂಕನ್ನು ಒರೆಸಲು ಒಂದು ಮೆತ್ತನೆಯ ಬಟ್ಟೆ, ಚಕ್ರದ ಕಡ್ಡಿಗಳನ್ನು ಒರೆಸಲು ಇನ್ನೊಂದು ಬಟ್ಟೆ ಇಟ್ಟುಕೊಂಡಿದ್ದಾನೆ. ಹೆತ್ತವರಿಗೆ ಹೆಗ್ಗಣ ಮುದ್ದು, ಸರಿ. ಕಂತಿನಲ್ಲಿ ಕೊಂಡವರಿಗೂ ಹಾಗೇ ಎಂದು ನನಗೆ ಗೊತ್ತಿರಲಿಲ್ಲ. ಪ್ರತಿ ಭಾನುವಾರ ಅವನಿಗೆ ರಮಣೀಯ ದೃಶ್ಯ ಬೇಕು. ದೆಹಲಿಯ ಚಳಿಗಾಲದ ಮಂಜಿನಲ್ಲಿ ಎದುರು ಬ್ಲಾಕಿನ ನೀರಿನ ಟ್ಯಾಂಕೇ ಕಾಣುವುದಿಲ್ಲ, ರಮಣೀಯ ದೃಶ್ಯ ಎಲ್ಲಿಂದ ಬರಬೇಕು? ಅದಕ್ಕೇ ಅರವತ್ತು ಕಿಲೋಮೀಟರ್ ದೂರದ ಅರಾವಳಿ ಗುಡ್ಡಗಳಿಗೆ ಹೋಗುತ್ತಾನೆ. ಅಲ್ಲಿ ಬೈಕನ್ನು ನಿಲ್ಲಿಸಿ, ಮುಂದಿನ ಚಕ್ರವನ್ನು ತುಸು ಎಡಕ್ಕೆ ತಿರುಗಿಸಿ, ನೆಲದ ಮೇಲೆ ಬೋರಲು ಮಲಗಿ ಫೋಟೋ ತೆಗೆಯುತ್ತಾನೆ. ಆಮೇಲೆ ಹಿಂದಿನ ಗುಡ್ಡವನ್ನು ಮಸುಕು ಮಾಡುತ್ತಾನೆ. ಬೈಕು ಎದ್ದು ಕಾಣಬೇಕಂತೆ. "ಮಸುಕೇ ಬೇಕಾಗಿದ್ರೆ ನಮ್ಮ ಪಾರ್ಕಿಂಗ್ ಏನಾಗಿತ್ತೋ?" ಎಂದು ಒಮ್ಮೆ ಕೇಳಿದೆ. "ಭಾವ, ನಿಮಗೆ ಅರ್ಥ ಆಗಲ್ಲ ಬಿಡಿ" ಎಂದ. ನನಗೆ ಅರ್ಥವಾಗದ ವಿಷಯಗಳ ಪಟ್ಟಿ ದೊಡ್ಡದೇ, ಆದರೆ ಇದು ಅದರಲ್ಲಿಲ್ಲ.

ಇಷ್ಟೆಲ್ಲ ತಿರಸ್ಕಾರವಿದ್ದವನು ಆ ಭಾನುವಾರ ಅವನ ಹಿಂದೆ ಏಕೆ ಹತ್ತಿ ಕೂತೆ ಎಂದು ನೀವು ಕೇಳುತ್ತೀರಿ. ಹೇಳಲು ನಾಚಿಕೆಯಾಗುತ್ತದೆ. ಅಂದು ಬೆಳಿಗ್ಗೆ ಹನ್ನೊಂದಕ್ಕೆ ನಮ್ಮ ಸೊಸೈಟಿಯ ಸಭಾಂಗಣದಲ್ಲಿ ಮಕ್ಕಳ ಕನ್ನಡ ತರಗತಿಯ ವಾರ್ಷಿಕೋತ್ಸವ. ನಾಲ್ಕನೇ ಕ್ಲಾಸಿನ ನನ್ನ ಮಗಳು ಅನಘಾ 'ನನ್ನ ಅಜ್ಜಿ' ಎಂಬ ವಿಷಯದ ಮೇಲೆ ಕನ್ನಡದಲ್ಲಿ ಭಾಷಣ ಮಾಡುವವಳಿದ್ದಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ. ಮಾತಾಡಲು ಹೊರಟರೆ ಎರಡನೇ ಪದಕ್ಕೇ ಹಿಂದಿ ಬಂದು ಕೂರುತ್ತದೆ. ಒಂದು ತಿಂಗಳು ಕೂತು ನಾನೇ ಭಾಷಣ ಬರೆದು, ನಾನೇ ಬಾಯಿಪಾಠ ಮಾಡಿಸಿದ್ದೆ. ಮರೆತಾಗ ನನ್ನ ಕಡೆ ನೋಡುವುದು, ನಾನು ತುಟಿಯಲ್ಲೇ ಮುಂದಿನ ಪದ ಹೇಳುವುದು ಎಂದು ಒಪ್ಪಂದವಾಗಿತ್ತು. "ಪಾಪಾ, ಆಪ್ ಮುಂದಿನ ಸಾಲಿನಲ್ಲೇ ಕೂತ್ಕೊಳ್ಳಿ, ಪಕ್ಕಾ?" ಎಂದು ಹಿಂದಿನ ದಿನ ಮೂರು ಸಲ ಕೇಳಿದ್ದಳು. ಪಕ್ಕಾ ಎಂದು ಮೂರು ಸಲವೂ ಹೇಳಿದ್ದೆ. ಆದರೆ ಅದೇ ಸಭಾಂಗಣದಲ್ಲಿ ಬೆಳಿಗ್ಗೆ ಎಂಟಕ್ಕೆ ಇನ್ನೂರು ಕುರ್ಚಿ ಜೋಡಿಸುವ ಕೆಲಸಕ್ಕೂ ನನ್ನ ಹೆಸರು ಹಾಕಿದ್ದರು. ಅಷ್ಟರಲ್ಲಿ ಪ್ರಶಾಂತ, "ಬನ್ನಿ ಭಾವ, ಆರೂವರೆಗೆ ಹೊರಟ್ರೆ ಹತ್ತಕ್ಕೆ ವಾಪಸ್" ಎಂದ. ಕುರ್ಚಿಗಿಂತ ಬೈಕು ವಾಸಿ ಎನ್ನಿಸಿತು.

ಗುಡ್ಡದ ರಸ್ತೆ ಸೇರುವಷ್ಟರಲ್ಲಿ ಐದು ಕಡೆ ಫೋಟೋ ಆಯಿತು. ನನ್ನ ಫೋನಿನ ಕ್ಯಾಮೆರಾ ಚೆನ್ನಾಗಿದೆಯೆಂದು ಅದನ್ನು ಮೊದಲೇ ಕಿತ್ತುಕೊಂಡಿದ್ದ. ಆರನೆಯದು ಒಂದು ದೊಡ್ಡ ತಿರುವು, ಆಗಷ್ಟೇ ಬಿಸಿಲು ಬಿದ್ದಿತ್ತು. "ಭಾವ, ಸ್ವಲ್ಪ ಆ ಕಡೆ ಹೋಗಿ, ನೆರಳು ಬೀಳ್ತಿದೆ." ಹೋದೆ. "ಇನ್ನೂ ಸ್ವಲ್ಪ. ಕನ್ನಡೀಲಿ ಕಾಣ್ತಿದ್ದೀರ." ಇನ್ನೂ ಹೋದೆ. "ಟ್ಯಾಂಕಿನ ಮೇಲೆ ನಿಮ್ಮ ಸ್ವೆಟರ್ ಕೆಂಪಗೆ ಹೊಳೀತಿದೆ ಭಾವ." ಸ್ವೆಟರು ಅವನ ಅಕ್ಕನೇ ಹೆಣೆದದ್ದು. ಬೇಸತ್ತು ಒಂದು ಬಂಡೆಯ ಹಿಂದೆ ಹೋಗಿ ನಿಂತೆ. ದಾರಿಯಲ್ಲಿ ಕುಡಿದ ಎರಡು ಲೋಟ ಚಹಾ ಅಲ್ಲಿ ತನ್ನ ಹಕ್ಕು ಕೇಳಿತು. ಆ ಕೆಲಸದ ನಡುವೆ ಬೈಕು ಶುರುವಾದ ಸದ್ದು ಕೇಳಿಸಿತು. ಹತ್ತಡಿ ಮುಂದೆ ನಿಲ್ಲಿಸುತ್ತಾನೆ, ಇನ್ನೊಂದು ಕೋನ ಬೇಕಿರಬೇಕು ಎಂದುಕೊಂಡೆ. ಹೊರಗೆ ಬಂದು ನೋಡಿದರೆ ರಸ್ತೆ ಖಾಲಿ. ಇಪ್ಪತ್ತು ನಿಮಿಷ ಕಷ್ಟಪಟ್ಟು ನನ್ನನ್ನು ಕಣ್ಮರೆ ಮಾಡಿದ ಪುಣ್ಯಾತ್ಮ, ಕೆಲಸ ಚೆನ್ನಾಗಿ ಆಯಿತೆಂಬ ಸಮಾಧಾನದಲ್ಲಿ ಹೊರಟೇಹೋಗಿದ್ದ.

ಕಾಲು ಗಂಟೆ ಕಾದು, ಅರ್ಧ ಮೈಲಿ ನಡೆದ ಮೇಲೆ ಒಂದು ಚಹಾದ ಗೂಡಂಗಡಿ ಸಿಕ್ಕಿತು. ಹೆಲ್ಮೆಟ್ ಹಿಡಿದುಕೊಂಡು ಒಬ್ಬನೇ ನಡೆದು ಬರುವವನನ್ನು ನೋಡಿ ಅಂಗಡಿಯವನು ಹೆಚ್ಚೇನೂ ವಿಚಾರಿಸಲಿಲ್ಲ. "ಫೋಟೋ ವಾಲೇ ಥೇ?" ಎಂದ, ಬಿಟ್ಟುಹೋದವರು ಫೋಟೋದವರೇ ಎಂಬ ಅರ್ಥದಲ್ಲಿ. ಹೌದೆಂದೆ. "ಬೈಠಿಯೇ" ಎಂದು ಬೆಂಚು ತೋರಿಸಿದ. ಹೋದ ಭಾನುವಾರ ಅದೇ ಬೆಂಚಿನ ಮೇಲೆ ಒಬ್ಬ ಹೆಂಗಸು ಕೂತಿದ್ದರಂತೆ. ಅರ್ಧ ಗಂಟೆಯಲ್ಲಿ ಗಂಡ ವಾಪಸು ಬಂದನಂತೆ. ಆ ಗಂಡನ ಮೇಲೆ ನನಗೆ ಗೌರವ ಹುಟ್ಟಿತು. ಅಂಗಡಿಯ ಭಯ್ಯಾ ತನ್ನ ಫೋನು ಕೊಟ್ಟ. ಆಗ ಗೊತ್ತಾಯಿತು, ಹದಿನಾಲ್ಕು ವರ್ಷ ಸಂಸಾರ ಮಾಡಿದರೂ ಹೆಂಡತಿಯ ನಂಬರು ನನಗೆ ಬಾಯಿಗೆ ಬರುವುದಿಲ್ಲ. ಬರುವುದು ಒಂದೇ ನಂಬರು, ನನ್ನದು. ಅದಕ್ಕೇ ಆರು ಸಲ ಮಾಡಿದೆ. ಅದು ಪ್ರಶಾಂತನ ಜೇಬಿನಲ್ಲಿ, ದಪ್ಪ ಜಾಕೀಟಿನ ಒಳಗೆ, ಹೆಲ್ಮೆಟ್ಟು ಹಾಕಿದ ಕಿವಿಗೆ ದೂರವಾಗಿ ಹೊಡೆದುಕೊಳ್ಳುತ್ತಿದ್ದಿರಬೇಕು. ಗಂಟೆ ಒಂಬತ್ತೂವರೆ ದಾಟಿತ್ತು. ಮಗಳು ಮಾತು ಮರೆತು ನನ್ನ ಕುರ್ಚಿಯ ಕಡೆ ನೋಡುವುದನ್ನು ನೆನೆದು, ಬೆಂಚಿನಿಂದ ಎದ್ದು ಬರುವ ಗಾಡಿಗಳಿಗೆಲ್ಲ ಕೈ ಅಡ್ಡ ಹಾಕತೊಡಗಿದೆ. ಪ್ರಶಾಂತನ ಮೇಲಿನ ಸಿಟ್ಟಿಗಿಂತ ಆ ಕುರ್ಚಿಗಳಿಂದ ತಪ್ಪಿಸಿಕೊಂಡು ಬಂದ ನನ್ನ ಮೇಲೆ ಹೆಚ್ಚು ಸಿಟ್ಟು ಬಂತು.

ಹಾಲಿನ ಕ್ಯಾನುಗಳ ಟೆಂಪೋ ಒಂದು ಮೆಟ್ರೋ ಸ್ಟೇಷನ್ನಿನವರೆಗೆ ಬಿಟ್ಟಿತು. ಎರಡು ಕಡೆ ರೈಲು ಬದಲಾಯಿಸಿ, ಹಾಲಿನ ವಾಸನೆ ಹೊತ್ತು, ಹೆಲ್ಮೆಟ್ ಸಮೇತ ಸೊಸೈಟಿಯ ಗೇಟು ಮುಟ್ಟಿದಾಗ ಹನ್ನೆರಡೂ ಇಪ್ಪತ್ತು. ಪ್ರಶಾಂತ ಗೇಟಿನಲ್ಲೇ ನಿಂತಿದ್ದ, ಅಕ್ಕ ನಿಲ್ಲಿಸಿದ್ದಳು. ಸಾವಕಾಶವಾಗಿ ಬಂದು ಬೈಕು ನಿಲ್ಲಿಸಿದವನನ್ನು ಅವಳು "ಭಾವ ಎಲ್ಲೋ?" ಎಂದು ಕೇಳಿದ ಮೇಲೆಯೇ ಅವನು ಹಿಂತಿರುಗಿ ನೋಡಿದ್ದಂತೆ. ಆಮೇಲೆ ನನ್ನ ಫೋನಿಗೆ ಆರು ಸಲ ಬಂದಿದ್ದ ನಂಬರಿಗೆ ಮಾಡಿ, ನಾನು ಟೆಂಪೋ ಹತ್ತಿದ್ದನ್ನು ಚಹಾದವನಿಂದ ತಿಳಿದುಕೊಂಡನಂತೆ.

"ಎಂಬತ್ತೆರಡು ಕಿಲೋ ಇದ್ದೇನೆ ಕಣೋ. ಹಿಂದೆ ಇಲ್ಲ ಅಂತ ಗೊತ್ತಾಗಲಿಲ್ವೇನೋ?" ಎಂದೆ.

"ಬೈಕು ಭಾಳ ಹಗುರಾಗಿ ಎಳೀತಿತ್ತು ಭಾವ. ಹೊಸ ಎಂಜಿನ್ ಆಯಿಲ್ ಹಾಕ್ಸಿದ್ನಲ್ಲ, ಅದರ ಗುಣ ಅಂದ್ಕೊಂಡೆ."

"ದಾರೀಲಿ ಒಂದು ಮಾತೂ ಆಡಲಿಲ್ವಾ ನನ್ನ ಜೊತೆ?"

"ಆಡ್ದೆ. ಪರಾಠಾ ತಿನ್ನೋಣ್ವಾ ಅಂದೆ. ನೀವು ಮಾತಾಡಲಿಲ್ಲ. ಸಿಟ್ಟಾಗಿದ್ದೀರಿ ಅಂತ ಸುಮ್ಮನಾದೆ."

ಸಿಟ್ಟಾದಾಗ ನಾನು ಎಂದಾದರೂ ಮಾತಾಡದೆ ಇದ್ದೇನೆಯೇ ಎಂದು ಅವನ ಅಕ್ಕನನ್ನು ಕೇಳಬಹುದಿತ್ತು. ಅಷ್ಟು ಹೊತ್ತಿರಲಿಲ್ಲ. ಸಭಾಂಗಣದೊಳಗೆ ಓಡಿದೆ. ಕಾರ್ಯಕ್ರಮ ಮುಗಿದು, ಜನ ಉಪ್ಪಿಟ್ಟಿನ ಕಡೆ ನಡೆದಿದ್ದರು. ಅನಘಾ ವೇದಿಕೆಯ ಮೆಟ್ಟಿಲ ಮೇಲೆ ಕೂತು ಬಹುಮಾನದ ಡಬ್ಬಿ ಬಿಚ್ಚುತ್ತಿದ್ದಳು. ಅವಳ ಮುಂದೆ ಕುಕ್ಕರಗಾಲಿನಲ್ಲಿ ಕೂತು, "ತಪ್ಪಾಯ್ತು ಪುಟ್ಟಿ. ಮರೆತುಹೋಯ್ತಾ?" ಎಂದೆ.

"ಭಾಷಣ್ ಮೇ ಅರ್ಧಕ್ಕೇ ಮರೆತುಹೋಯ್ತು. ನೋಡಿದೆ, ಆಪ್ ಇರಲೇ ಇಲ್ಲ. ಫಿರ್ ಅಜ್ಜಿ ಫೋನಲ್ಲಿ ಹೇಗೆ ಬೈತಾಳೆ, ವೋ ಹೇಳ್ದೆ. ಸಬ್ ನಕ್ಕರು."

ನಾನು ಬರೆದುಕೊಟ್ಟದ್ದರಲ್ಲಿ ಅಜ್ಜಿ ಯಾರಿಗೂ ಬೈದಿರಲಿಲ್ಲ. ಎರಡು ಪುಟದ ತುಂಬ ಕರುಣೆ, ಮಮತೆ, ಸಂಸ್ಕೃತಿಗಳೇ ಇದ್ದವು. ಅವುಗಳಲ್ಲಿ ಒಂದಕ್ಕೂ ಬಹುಮಾನ ಬಂದಂತಿರಲಿಲ್ಲ. "ಇರಲಿ, ಮುಂದಿನ ವರ್ಷ ಏನೇ ಆಗಲಿ, ಮುಂದಿನ ಸಾಲಿನಲ್ಲೇ ಇರ್ತೀನಿ" ಎಂದೆ.

ಅವಳು ಡಬ್ಬಿಯನ್ನು ಪಕ್ಕಕ್ಕಿಟ್ಟಳು. ಆಮೇಲೆ, ನನಗೆ ನೋವಾಗಬಾರದೆಂದು ತೋಳಿನ ಮೇಲೆ ಕೈಯಿಟ್ಟು, ಅಪ್ಪಟ ಕನ್ನಡದಲ್ಲಿ ಹೇಳಿದಳು: "ಬೇಡ ಪಾಪಾ. ನೀವು ಮಾಮನ ಜೊತೆ ಬೈಕಲ್ಲಿ ಹೋಗಿ."

ಮಾಮ ಅಲ್ಲೇ ಹಿಂದೆ ನಿಂತಿದ್ದ. ಕೂಡಲೇ ಒಪ್ಪಿಕೊಂಡ. ನನ್ನನ್ನು ಯಾರೂ ಕೇಳಲಿಲ್ಲ.