ಪಿರಿಯಾಪಟ್ಟಣದ ಸಂಬಂಧ

ಬೆಳಗಾದರೆ ಒಂದಲ್ಲ ಒಂದು ಸಂಬಂಧ ಮುರಿದುಕೊಂಡು, ಮಧ್ಯಾಹ್ನದ ಊಟದ ಹೊತ್ತಿಗೆ ಅದನ್ನು ಮತ್ತೆ ಕೂಡಿಸಿಕೊಳ್ಳುವ ಮನುಷ್ಯನನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಂಡಿರುವುದೇನು, ಅವರ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿದ್ದೇನೆ! ಅವರು ನನ್ನ ಸೋದರಮಾವ. ಮದುವೆಯೇ ಆಗದ ಮನುಷ್ಯ ಮುರಿಯುವುದಕ್ಕೆ ಸಂಬಂಧಗಳನ್ನು ಎಲ್ಲಿಂದ ತರುತ್ತಾರೆ ಎಂದು ಕೇಳಬೇಡಿ. ಅದು ಅವರ ನೌಕರಿ.

ಮಾವ ಹುಣಸೂರಿನ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಾರೆ. ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ನರ್ಸಿಂಗ್ ಹೋಮುಗಳಿಂದ ರಕ್ತ ಇಲ್ಲಿಗೆ ಬರುತ್ತದೆ. ರಿಪೋರ್ಟು ಇಲ್ಲಿನ ಕಂಪ್ಯೂಟರಿನಿಂದ ಅಲ್ಲಿನ ಕಂಪ್ಯೂಟರಿಗೆ ತಾನಾಗಿ ಹೋಗುತ್ತದೆ. ಹೋಗಬೇಕು! ಒಮ್ಮೊಮ್ಮೆ ಹೋಗುವುದಿಲ್ಲ. ಹೋಗಲಿಲ್ಲವೆಂದು ಯಾರಿಗೂ ಗೊತ್ತಾಗುವುದೂ ಇಲ್ಲ. ಇವರು ಕಳಿಸಿಯಾಯಿತು ಎಂದುಕೊಂಡಿರುತ್ತಾರೆ, ಅವರು ಇನ್ನೂ ಬರಬೇಕು ಎಂದುಕೊಂಡಿರುತ್ತಾರೆ. ಈ ಮೌನ ಮಾವನಿಗೆ ಸಹಿಸಲಾಗದು. ಅದಕ್ಕೇ, ರಿಪೋರ್ಟು ಹೋಗದಿದ್ದರೆ ಕಂಪ್ಯೂಟರೇ ತಮ್ಮ ಮೊಬೈಲಿಗೆ ತಿಳಿಸುವಂತೆ ಅವರು ವೆಬ್‌ಹುಕ್ ಎಂಬುದನ್ನು ಹೂಡಿದರು.

"ಊಕ್ಕಾ? ರವಿಕೆಗೆ ಆಕದಾ?" ಎಂದಳು ಅಮ್ಮ. ಅವಳು ಮಾವನ ಅಕ್ಕ.

"ಅಲ್ಲ ಕಣಕ್ಕ. ನೀನು ಒಲೆ ಮ್ಯಾಲೆ ಆಲಿಟ್ಟು, ಉಕ್ತಾ ಉಕ್ತಾ ಅಂತ ಗಳಿಗೆಗೊಂದ್ಸಲ ಓಗಿ ನೋಡ್ತೀಯಲ್ಲ, ಆ ಕೆಲ್ಸ ಬ್ಯಾಡ. ಆಲೇ 'ಉಕ್ತಾ ಇವ್ನಿ, ಬಾ' ಅಂತ ನಿನ್ನ ಕೂಗ್ಬೇಕು. ಅದೇ ವೆಬ್‌ಹುಕ್ಕು."

"ಆಲು ಕೂಗಾಕಿಡುದ್ರೆ ನಾನು ಆ ಮನೇಲೇ ಇರಾಕಿಲ್ಲ ಬುಡು."

ಬೇರೆಯವರಾಗಿದ್ದರೆ ಒಂದು ಸಣ್ಣ ಗಂಟೆಯ ಸದ್ದಿಗೆ ತೃಪ್ತಿಪಡುತ್ತಿದ್ದರು. ಮಾವ? "ಕುಯ್ ಅಂದ್ರೆ ಯಾವನ್ ತಿರುಗಿ ನೋಡ್ತಾನೆ? ಮನುಸನ್ ದನಿ ಬೇಕು" ಎಂದು ತಮ್ಮದೇ ಕಂಚಿನ ಕಂಠವನ್ನು ಮೊಬೈಲಿಗೆ ತುಂಬಿದರು. ಲ್ಯಾಬಿನ ಎಲ್ಲರಿಗೂ ಅರ್ಥವಾಗಲಿ ಎಂದು ಎರಡು ಕಂಪ್ಯೂಟರುಗಳ ನಡುವಿನ ಕೊಂಡಿ ಕಳಚಿದಾಗ ಬರುವ 'ಇಂಟಿಗ್ರೇಷನ್ ಫೇಲ್' ಎಂಬುದನ್ನು 'ಸಂಬಂಧ ಮುರಿದಿದೆ' ಎಂದು ಕನ್ನಡಕ್ಕೆ ತಂದರು. ಸಿಕ್ಕಿಹಾಕಿಕೊಂಡ ರಿಪೋರ್ಟು ತುರ್ತಿನದಾದರೆ ಬಾಲದಲ್ಲಿ 'ಕೆಂಪು! ಕೆಂಪು!' ಎಂದೂ ಸೇರಿಸಿದರು. ಇನ್ನು ವಾಲ್ಯೂಮು! ಅದನ್ನು ತಗ್ಗಿಸುವ ಗುಂಡಿಯೊಂದು ಮೊಬೈಲಿನಲ್ಲಿದೆ ಎಂಬುದನ್ನು ಅವರು ಇವತ್ತಿಗೂ ಒಪ್ಪಿಲ್ಲ.

ಚುಂಚನಕಟ್ಟೆಯಲ್ಲಿ ನಮ್ಮ ಚಿಕ್ಕಜ್ಜಿಯ ತಿಥಿ. ಎಡೆ ಇಟ್ಟು ಎಲ್ಲರೂ ಕಾಗೆಗಾಗಿ ಕಾಯುತ್ತಿದ್ದೇವೆ. ಕಾಗೆ ಕೊಂಬೆಯ ಮೇಲೆ ಕೂತಿದೆ, ಇಳಿಯುತ್ತಿಲ್ಲ. ಅಜ್ಜಿಗೆ ಏನು ಆಸೆ ಉಳಿದಿತ್ತೋ ಎಂದು ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದಾರೆ. ಆಗ ಮಾವನ ಜೇಬು ಗುಡುಗಿತು: "ಆ ಕಡೆಯಿಂದ ಉತ್ತರವಿಲ್ಲ! ಮತ್ತೆ ಪ್ರಯತ್ನಿಸುತ್ತಿದ್ದೇನೆ!"

ಕಾಗೆ ಹಾರಿ ಹೊಳೆಯಾಚೆ ಹೋಯಿತು. "ಇನ್ನೊಂದ್ ವಡೆ ಇಕ್ಕಿ ನೋಡ್ರಪ್ಪಾ" ಎಂದು ಯಾರೋ ಭಯಭಕ್ತಿಯಿಂದ ಹೇಳಿದರು. ಇವರು ನನ್ನ ಮಾವ ಎಂದು ಯಾರಿಗೂ ತಿಳಿಯದಿರಲಿ ಎಂದು ನಾನು ಮೆಲ್ಲಗೆ ಬಾಳೆಗಿಡದ ಹಿಂದೆ ಸರಿದೆ. ಮಾವ ಬಿಟ್ಟಾರೆಯೇ? ಅಲ್ಲಿಗೇ ಹುಡುಕಿಕೊಂಡು ಬಂದು, "ಎದ್ರುಕೋಬ್ಯಾಡ ಕಣವ್ವ, ಅದು ಅಜ್ಜೀದಲ್ಲ, ಕೆ.ಆರ್. ನಗರದ್ದು" ಎಂದು ಊರಿಗೆಲ್ಲ ಕೇಳುವಂತೆ ಸಮಾಧಾನ ಹೇಳಿದರು!

ಇದನ್ನಾದರೂ ಮರೆಯಬಹುದಿತ್ತು. ನನ್ನನ್ನು ನೋಡಲು ಗಂಡಿನವರು ಬಂದ ದಿನವನ್ನು ಹೇಗೆ ಮರೆಯಲಿ? ಬಂದವರು ಎಲ್ಲಿಯವರು ಅಂದಿರಿ? ಪಿರಿಯಾಪಟ್ಟಣದವರು!

"ಮೊಬೈಲ್ ಮನೇಲೇ ಮಡಗಿ ಬಾರ್ಲಾ" ಎಂದು ಅಮ್ಮ ಮೊದಲೇ ಹೇಳಿದ್ದಳು. ಮಾವ ತಲೆಯಾಡಿಸಿದ್ದರು. ಅದು ಒಪ್ಪಿಗೆಯ ತಲೆಯಾಟವೋ ಅಲ್ಲವೋ ನಾವು ವಿಚಾರಿಸಲಿಲ್ಲ. ನಾನು ಸೀರೆಯುಟ್ಟು ಕಾಫಿಯ ತಟ್ಟೆ ಹಿಡಿದು ಬಂದೆ. ಹುಡುಗ ಒಮ್ಮೆ ತಲೆ ಎತ್ತಿ ನೋಡಿದ. ನೋಟ ಹಿತವಾಗಿಯೇ ಇತ್ತು, ಸುಳ್ಳೇಕೆ ಹೇಳಲಿ? ಅವನಪ್ಪ ಲೋಟಕ್ಕೆ ಕೈ ಚಾಚಿ, "ನಮ್ಗೇನೋ ಒಪ್ಗೆ ಆದಂಗೇಯ, ನಿಮ್ಮ ಕಡೆಯಿಂದ..." ಎನ್ನುವಷ್ಟರಲ್ಲಿ ಮಾವನ ಜೇಬು ಉತ್ತರ ಕೊಟ್ಟಿತು.

"ಪಿರಿಯಾಪಟ್ಟಣದ ಸಂಬಂಧ ಮುರಿದಿದೆ! ಪಿರಿಯಾಪಟ್ಟಣದ ಸಂಬಂಧ ಮುರಿದಿದೆ! ಕೆಂಪು! ಕೆಂಪು!"

ನಾನು ಉಟ್ಟಿದ್ದು ಕೆಂಪು ಸೀರೆ.

ಮಾವನ ಬಾಯಿಯ ತುಂಬ ಉಪ್ಪಿಟ್ಟು, ಜೇಬಿನಲ್ಲಿ ಅವರದೇ ಧ್ವನಿ! ಮೊಬೈಲು ತೆಗೆದು ಓದಿದರು. ಯಾರಿಗೋ ಫೋನು ಹಚ್ಚಿದರು, ಎತ್ತಲಿಲ್ಲ. ಮತ್ತೆ ಹಚ್ಚಿದರು. "ಬಸ್ರಿ ಎಂಗ್ಸು ಕಣಕ್ಕ, ಸಂಜೆ ಆಪ್ರೇಸನ್ನು, ರಕ್ತ ಕಮ್ಮಿ ಅದೆ, ಅವ್ರಿಗೆ ರಿಪೋರ್ಟೇ ಓಗಿಲ್ಲ" ಎಂದು ಅರ್ಧ ಅಗಿಯುತ್ತ, ಅರ್ಧ ನುಂಗುತ್ತ ಏನೋ ಹೇಳಿ, ಬೈಕು ಹತ್ತಿ ಹೊರಟೇಹೋದರು.

ಹೊರಟದ್ದು ಗಂಡಿನ ತಂದೆಯ ಹೊಸ ಚರ್ಮದ ಚಪ್ಪಲಿ ಮೆಟ್ಟಿಕೊಂಡು! ಆ ದೊಡ್ಡ ಮನುಷ್ಯರು ಪಿನ್ನು ಚುಚ್ಚಿದ ಮಾವನ ಹವಾಯಿ ಚಪ್ಪಲಿಯಲ್ಲಿ ಪಟಪಟ ಸದ್ದು ಮಾಡುತ್ತ ಕಾರಿನವರೆಗೆ ನಡೆದರು. ಹುಡುಗನ ತಾಯಿ ಹಿಂತಿರುಗಿ ನೋಡಲಿಲ್ಲ. ಬೀದಿಯವರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು. ಭೂಮಿ ಬಾಯಿ ಬಿಡಬಾರದೇ ಎನ್ನುತ್ತಾರಲ್ಲ, ನನಗೆ ಅಷ್ಟು ಆಳವೂ ಬೇಕಿರಲಿಲ್ಲ. ಒಂದು ಮಂಚದ ಕೆಳಗಿನ ಜಾಗ ಸಾಕಿತ್ತು.

ಸಂಬಂಧ ನಿಜಕ್ಕೂ ಮುರಿಯಿತು. "ಅವ್ನಿಗಿನ್ನು ಈ ಮನೇಲಿ ನೀರೂ ಇಲ್ಲ" ಎಂದಳು ಅಮ್ಮ. ನಾನು ಬೀದಿಗಿಳಿಯುವುದನ್ನೇ ಬಿಟ್ಟೆ. ಬಾಗಿಲಿಗೆ ಬರುವ ತರಕಾರಿಯವಳು ಕೂಡ, "ಮುರುದೋಯ್ತಂತಲ್ಲವ್ವ?" ಎಂದು ಬದನೆಕಾಯಿ ತೂಗುತ್ತ ಕೇಳುತ್ತಿದ್ದಳು.

ಬಹಳ ದಿನದ ಮೇಲೆ ಒಂದು ಮಧ್ಯಾಹ್ನ ಮಾವ ಬಂದರು. ಒಳಗೆ ಬರಲಿಲ್ಲ. ಜಗಲಿಯ ಅಂಚಿನಲ್ಲಿ, ಕೂತರೆ ಎಲ್ಲಿ ಜಾಗ ಸವೆಯುತ್ತದೋ ಎನ್ನುವಂತೆ ಕೂತರು. ಪಿರಿಯಾಪಟ್ಟಣಕ್ಕೆ ಹೋಗಿ ಚಪ್ಪಲಿ ಒಪ್ಪಿಸಿ, ಕೈಮುಗಿದು ಬಂದಿದ್ದರಂತೆ. ಗಂಡಿನ ಮನೆಯವರು ಬಾಗಿಲು ಪೂರ್ತಿ ತೆಗೆಯಲಿಲ್ಲವಂತೆ. "ದನಿ ತಗ್ದಾಕ್ಬುಟ್ಟೆ ಕಣವ್ವ. ಈಗ ಬರೀ ಕುಯ್ ಅಂತದೆ. ನಿನ್ ಮದ್ವೆ ಕೆಡಿಸ್ಬುಟ್ಟೆ" ಎಂದರು. ಮಾತು ನನಗೆ, ಕಣ್ಣು ನೆಲಕ್ಕೆ. ಗುಡುಗುತ್ತಿದ್ದ ಆ ಗಂಟಲು ಪಿಸುಗುಡುವುದನ್ನು ನಾನು ಕೇಳಿದ್ದು ಅದೇ ಮೊದಲು.

"ಮಾವ, ಆವತ್ತು ಆ ಹೆಂಗಸು..." ಎಂದೆ.

ಮಾವ ತಟ್ಟನೆ ತಲೆಯೆತ್ತಿದರು. ಅದನ್ನು ಕೇಳುವವರಿಗಾಗಿ ಎಷ್ಟು ದಿನದಿಂದ ಕಾದಿದ್ದರೋ! ಲ್ಯಾಬಿಗೆ ಹೋಗಿ ರಿಪೋರ್ಟಿನ ಪ್ರಿಂಟು ತೆಗೆಸಿದ್ದು, ಅದನ್ನು ಅಂಗಿಯೊಳಗೆ ಸೇರಿಸಿಕೊಂಡು ಬೈಕು ಓಡಿಸಿದ್ದು, ಡಾಕ್ಟರು ಓದಿ ಆಪರೇಷನ್ ನಿಲ್ಲಿಸಿ ಮೊದಲು ರಕ್ತ ತರಿಸಿದ್ದು, ತಾವು ಬೆಂಚಿನ ಮೇಲೆ ಆ ಹೆಂಗಸಿನ ಗಂಡನ ಕೈ ಹಿಡಿದು ಕೂತದ್ದು, ಎಲ್ಲವನ್ನೂ ತಡವರಿಸುತ್ತ ಹೇಳಿದರು. "ಎಣ್ಮಗ ಕಣವ್ವ. ಇಷ್ಟಗಲ ಮಕ. ತಾಯಿ ಮಗು ಇಬ್ರೂ ಉಸಾರಾಗವ್ರೆ." ಅಷ್ಟು ಹೇಳಿ, ಸಂತೋಷಪಟ್ಟದ್ದೇ ತಪ್ಪಾಯಿತೇನೋ ಎಂಬಂತೆ ಮತ್ತೆ ತಲೆ ತಗ್ಗಿಸಿದರು.

ಒಳಗೆ ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ಯಾವಾಗಲೋ ನಿಂತಿತ್ತು. ಆಮೇಲೆ ಅಮ್ಮನ ಗಂಟಲು ಕೇಳಿಸಿತು, ಇನ್ನೂ ಗಡುಸಾಗಿಯೇ:

"ಮಗೀಗೆ ಎಸ್ರು ಏನ್ ಕಟ್ಟವ್ರಂತೆ, ಕೇಳ್ದೇನ್ಲಾ?"

"ಇನ್ನೂ ಕಟ್ಟಿಲ್ವಂತೆ ಅಕ್ಕಾ" ಎಂದರು ಮಾವ.

ಅಮ್ಮ ತಟ್ಟೆಯಲ್ಲಿ ಬಿಸಿ ಮುದ್ದೆ ಇಟ್ಟುಕೊಂಡು ಹೊರಗೆ ಬಂದಳು.