ಅಬ್ಸರ್ವ್ ಮಾಡಿಬಿಟ್ಟಿದ್ದಾರೆ!

ಬಾಯ್ತುಂಬ ಬೈದರೆ ನಮಗೆ ಭಯವಿಲ್ಲ. ಇಂಗ್ಲಿಷಿನಲ್ಲಿ ಮರ್ಯಾದೆಯಾಗಿ ಬರೆದರೆ ಜೀವ ಹೋಗುತ್ತದೆ. ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ ಇದು ತಪ್ಪಿದ್ದಲ್ಲ. ಸ್ಕೂಲು ಬಿಟ್ಟು ಊರೂರು ಅಲೆದ ನಾನು ಕೊನೆಗೆ ಒಂದರಲ್ಲಿ ಬಟ್ಟೆ ಚೆಕಿಂಗಿಗೆ ನಿಂತೆ. ನಮ್ಮೂರು ನೆಗಮಂನಲ್ಲಿ ಮಗ್ಗ ನೇಯುವ ಹೆಂಡತಿ ಮೊದಲೇ ಹೇಳಿದ್ದಳು: "ಇದನ್ನೂ ಬಿಟ್ಟು ಬಂದ್ರೆ ಬಾಗಿಲು ತೆಗೆಯಲ್ಲ."

೧. ಮಳೆ

ಮಾಲು ಕೊಳ್ಳುವ ವಿದೇಶಿಯರು ಏನನ್ನೂ 'ಹೇಳು'ವುದಿಲ್ಲ. ಒಂದೋ ಅಬ್ಸರ್ವ್ ಮಾಡುತ್ತಾರೆ, ಇಲ್ಲ ರಿಮಾರ್ಕ್ ಮಾಡುತ್ತಾರೆ. ಎರಡಕ್ಕೂ ನಮ್ಮಲ್ಲಿ ಅರ್ಥ ಒಂದೇ: ಮಾಲಿನಲ್ಲಿ ತಪ್ಪು ಸಿಕ್ಕಿದೆ. ಒಂದು ದಿನ ಮ್ಯಾನೇಜರ್ ಮೊಬೈಲ್ ಹಿಡಿದು ಓಡಿಬಂದರು. "ಅಬ್ಸರ್ವ್ ಪಣ್ಣಿಟ್ಟಾಂಗಪ್ಪಾ!" ಅಬ್ಸರ್ವ್ ಮಾಡಿಬಿಟ್ಟಿದ್ದಾರಂತೆ!

ಮೆಷಿನ್ನುಗಳೆಲ್ಲ ನಿಂತವು. ಕಟಿಂಗ್ ಮಾಸ್ಟರ್ ಹೊಟ್ಟೆನೋವೆಂದು ಬೈಕ್ ಹತ್ತಿದರು. ಮೇಲ್ ಪೂರ್ತಿ ಓದಿಸಿದರೆ, ತಮ್ಮೂರಲ್ಲಿ ಈ ಸಲ ಮಳೆ ಜೋರು ಅಂತ ಆ ವಿದೇಶಿ ಗಿರಾಕಿ ಅಬ್ಸರ್ವ್ ಮಾಡಿದ್ದ. ಮಾಸ್ಟರಿಗೆ ಫೋನ್ ಮಾಡಿದೆವು. ಅಷ್ಟರಲ್ಲಿ ಅವರು ಪಕ್ಕದೂರು ಅವಿನಾಶಿಯನ್ನೂ ದಾಟಿದ್ದರು.

೨. ಖಾಲಿ ಜಾಗ

ಇನ್ನೊಂದು ಸಲ ಗಿರಾಕಿಗಳ ಕಡೆಯಿಂದ ಮಾಲು ನೋಡಲು ಬಂದ ಇನ್‌ಸ್ಪೆಕ್ಟರ್ ರಿಪೋರ್ಟಿನಲ್ಲಿ ರಿಮಾರ್ಕ್ ಅನ್ನೋ ಜಾಗವನ್ನು ಖಾಲಿ ಬಿಟ್ಟು, ನಾಳೆ ಬರುತ್ತೇನೆಂದು ಹೋದ. ಮ್ಯಾನೇಜರ್ ಬಿಳಿಚಿಕೊಂಡರು. "ಬರೆಯೋಕೂ ಆಗದಷ್ಟು ಕೋಪ ಬಂದಿದೆ!" ಪೆಟ್ಟಿಗೆಗಳನ್ನೆಲ್ಲ ಒಡೆದು ಮತ್ತೆ ಇಸ್ತ್ರಿ ಹಾಕಿಸಿದರು. ಕಾವು ಹೆಚ್ಚಾಗಿ ಒಳ್ಳೆಯ ಬಟ್ಟೆಯೂ ಸುಟ್ಟಂತೆ ಮಿಂಚತೊಡಗಿತು.

ಮರುದಿನ ಇನ್‌ಸ್ಪೆಕ್ಟರ್ ಬಂದು ನೋಡಿ, ಖಾಲಿ ಜಾಗ ತುಂಬಿಸಿದ.

೩. ಟೀ

"ಇನ್ನೊಂದು ರಿಮಾರ್ಕ್ ಬಂದ್ರೆ ಚೆಕಿಂಗಿನವನು ಮನೆಗೆ," ಅಂದರು ಮ್ಯಾನೇಜರ್. ಯಾವ ಮನೆಗೆ? ಬಾಗಿಲು ಯಾರು ತೆಗೀತಾರೆ?

ಮುಂದಿನ ಸಲ ಮಾಲು ನೋಡಲು ಬಂದವನು ಹೊಸ ಹುಡುಗ. ಮುಖ ಗಂಟು, ಬಾಯಿ ತೆರೆದರೆ ಇಂಗ್ಲಿಷು. ನಾನು ಮೂಲೆಯಲ್ಲಿ ಹೆಂಡತಿಗೆ ಫೋನ್ ಮಾಡಿ, "ಈ ಸಲವೂ ರಿಮಾರ್ಕ್ ಗ್ಯಾರಂಟಿ ಕಣೇ," ಅನ್ನುತ್ತಿದ್ದೆ. ಫೋನ್ ಇಟ್ಟು ತಿರುಗಿದರೆ ಅವನೇ ನಿಂತಿದ್ದಾನೆ!

"ನೀವೂ ಕನ್ನಡವಾ ಅಣ್ಣಾ? ನಮ್ಮನೇಲೂ ಅದೇ. ಒಂದೇ ಒಂದು ತಪ್ಪು ತೋರ್ಸಣ್ಣಾ. ಏನೂ ಬರೀದೆ ಹೋದ್ರೆ, ಅಲ್ಲಿ ಹೋಗಿ ಮಲಗಿದ್ಯಾ ಅಂತಾರೆ. ಕೆಲ್ಸ ಹೋಗ್ತದೆ."

"ತೋರಿಸಿದ್ರೆ ನನ್ ಕೆಲ್ಸ ಹೋಗ್ತದೆ ತಂಬಿ!"

ಅಲ್ಲೇ ಇಟ್ಟಿದ್ದ ಟೀ ಲೋಟ ಎತ್ತಿ ಗುಟುಕರಿಸಿದೆ. "ಥೂ, ಆರಿಹೋಗಿದೆ," ಅಂದೆ. ಹುಡುಗನ ಮುಖ ಅರಳಿತು.

ಮಾಲು ಪಾಸಾಯಿತು. ಆದರೆ ಮೇಲ್ ಬಂತು: ಟೀ ತಣ್ಣಗಿರುವುದನ್ನು ಅಬ್ಸರ್ವ್ ಮಾಡಲಾಗಿದೆ, ಏನು ಕ್ರಮ ಕೈಗೊಂಡಿರಿ? ಮ್ಯಾನೇಜರ್ ಕೂಡಲೇ ಉತ್ತರ ಬರೆಸಿದರು: ಇದಕ್ಕೆಂದೇ ಅನುಭವಸ್ಥರೊಬ್ಬರನ್ನು ನೇಮಿಸಿದ್ದೇವೆ.

ಆ ಅನುಭವಸ್ಥ ನಾನೇ. ಹೆಂಡತಿಗೆ ಫೋನಲ್ಲಿ ಹೇಳಿದೆ, "ಕೆಲ್ಸ ಉಳೀತು ಕಣೇ. ಇನ್ಮೇಲೆ ಟೀ ಬಿಸಿ ಇದೆಯಾ ಅಂತ ನೋಡ್ಕೊಳ್ಳೋದೂ ನಾನೇ."

ಆ ಕಡೆ ಮಗ್ಗದ ಸದ್ದು ನಿಂತಿತು.

"ಇಷ್ಟು ವರ್ಷ ಟೀ ಆರಿದೆ ಅಂತ ನನ್ನ ಬೈತಿದ್ರಲ್ಲಾ? ಈಗ ನೀವು ಬೈಸ್ಕೊಳ್ಳಿ!"